ಸೀಗೆಪುಡಿ ಹಾಕಿದರೂ ಜಿಡ್ಡು ಹೋಗುತ್ತಿಲ್ಲ, ಕೂದಲೂ ಉದುರುತ್ತಿದೆ. ಈ ಕಡೆಯವರು ಏನು ಮಾಡುತ್ತೀರಿ?

ತಿಪಟೂರಿನ ಮಗಳು:
ನನ್ನ ತವರು ತಿಪಟೂರು. ಅಟ್ಟದ ಮೇಲೇ ಕೊಬ್ಬರಿ ಇರುತ್ತಿತ್ತು, ಎಣ್ಣೆಗೆ ಬರ ಅಂತ ಇರಲಿಲ್ಲ. ಮದುವೆಯಾಗಿ ಚಿಂತಾಮಣಿಗೆ ಬಂದು ಎರಡು ವರ್ಷ. ಇಲ್ಲಿ ಅತ್ತೆ ಶನಿವಾರ ರಾತ್ರಿ ನೆತ್ತಿಗೆ ಹರಳೆಣ್ಣೆ ತಟ್ಟಿ, ಭಾನುವಾರ ಬೆಳಿಗ್ಗೆ ಸೀಗೆಪುಡಿ ಹಾಕಿ ಎರೆಯುತ್ತಾರೆ. ಮಂಗಳವಾರ, ಶುಕ್ರವಾರ ಎಲ್ಲ ಆಗಲ್ಲ, ಕೆಲಸಕ್ಕೆ ಓಡಬೇಕು. ಪ್ರೀತಿಯಿಂದಲೇ ಮಾಡುತ್ತಾರೆ, ಅದರಲ್ಲಿ ಮಾತಿಲ್ಲ. ಆದರೆ ಎರಡು ಸಲ ಪುಡಿ ಹಾಕಿ ಉಜ್ಜಿದರೂ ಜಿಡ್ಡು ಹಾಗೇ ಉಳಿಯುತ್ತೆ, ಕೂದಲು ಹಗ್ಗದ ಥರ ಆಗುತ್ತೆ. ತವರಿನಲ್ಲಿ ಹೀಗೆ ಯಾವತ್ತೂ ಆಗಿಲ್ಲ. ಈಗ ಒಂದು ತಿಂಗಳಿಂದ ಬಾಚಣಿಗೆ ಇಟ್ಟರೆ ಸಾಕು, ಕೈತುಂಬ ಬರುತ್ತಿದೆ. ನೆತ್ತಿ ಕೆರೆತ, ಹೊಟ್ಟು ಬೇರೆ. ಅತ್ತೆ ಇನ್ನೂ ಜಾಸ್ತಿ ಎಣ್ಣೆ ಹಚ್ಚಬೇಕು ಅನ್ನುತ್ತಾರೆ, ಗಂಡ ಬೋರ್ ನೀರಿನ ತಪ್ಪು ಅನ್ನುತ್ತಾರೆ. ಆಗಸ್ಟ್‌ನಲ್ಲಿ ಡೆಂಗ್ಯೂ ಬಂದು ಎಂಟು ದಿನ ಮಲಗಿದ್ದೆ, ಅದು ಬಿಟ್ಟರೆ ಆರೋಗ್ಯ ಚೆನ್ನಾಗಿದೆ. ಯಾವ ಎಣ್ಣೆ ಒಳ್ಳೆಯದು ಹೇಳಿ.

ಕೋಲಾರದ ಅಜ್ಜಿ:
ತಾಯಿ, ಎಣ್ಣೆ ಆಮೇಲೆ, ಮೊದಲು ಪುಡಿ ನೋಡು. ನಿಮ್ಮ ತುಮಕೂರು ಕಡೆ ಸೀಗೆ ಜೊತೆ ಚಿಗರೆಪುಡಿ ಬೆರೆಸುತ್ತಿದ್ದರು ಅಲ್ವಾ? ಕೆಲವರು ಸುಜ್ಜಲು ಪುಡಿ ಅಂತಲೂ ಅನ್ನುತ್ತಾರೆ, ಬರಡು ಗುಡ್ಡದಲ್ಲಿ ಬೆಳೆಯುವ ಮರದ ಎಲೆ ಒಣಗಿಸಿ ಕುಟ್ಟಿದ ಹಸಿರು ಪುಡಿ. ಹರಳೆಣ್ಣೆ ತೆಗೆಯೋದಕ್ಕೆ ಅದೇ ಬೇಕು, ಬರೀ ಸೀಗೆ ಸಾಲದು. ಗ್ರಂಧಿಗೆ ಅಂಗಡಿಯಲ್ಲಿ ಕೇಳು, ಸಿಗುತ್ತೆ. ಎರಡನ್ನೂ ಸಮ ತಗೊಂಡು, ನೀರಲ್ಲ, ಅನ್ನ ಬಸಿದ ಗಂಜಿಯಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟು ಹಚ್ಚು. ಕಣ್ಣು ಮುಚ್ಚಿಕೋ, ಸೀಗೆ ಕಣ್ಣಿಗೆ ಬಿದ್ದರೆ ಯಾರೂ ಮರೆಯಲ್ಲ. ಪ್ಯಾಕೆಟ್ ಪುಡಿ ಬೇಡ. ಸೀಗೆಕಾಯಿ ತಂದು ಎರಡು ದಿನ ಬಿಸಿಲಿಗಿಟ್ಟು ಒಂದು ಹಿಡಿ ಮೆಂತ್ಯ, ಒಣಗಿದ ದಾಸವಾಳದ ಎಲೆ ಸೇರಿಸಿ ಮಿಲ್ಲಿಗೆ ಕೊಡು. ಮಿಲ್ಲಿನವನು ಮುಖ ಸಿಂಡರಿಸುತ್ತಾನೆ, ಸೀಗೆ ಹಾಕಿದರೆ ಅರ್ಧ ಬೀದಿ ಸೀನುತ್ತೆ. ಸಂಜೆ ಕೊನೆಗೆ ಹಾಕಿಕೊಡು ಅಂತ ಹೇಳು.

ಗಾಣದ ಹುಡುಗ, ತುಮಕೂರು:
ಅಜ್ಜಿ ಹೇಳಿದ್ದು ಸರಿ. ಅದರ ಜೊತೆ ಇನ್ನೊಂದು. ಹರಳೆಣ್ಣೆ ತುಂಬ ಗಟ್ಟಿ, ಅಂಟು. ಅದನ್ನೇ ನೇರವಾಗಿ ಉದ್ದ ಕೂದಲಿಗೆ ಮೆತ್ತಿ, ಸಿಕ್ಕು ಬಿಡಿಸದೆ ನೀರು ಹಾಕಿ ಉಜ್ಜಿದರೆ ಗಂಟಾಗುತ್ತೆ. ನಾಲ್ಕು ಪಾಲು ಕೊಬ್ಬರಿ ಎಣ್ಣೆಗೆ ಒಂದು ಪಾಲು ಹರಳೆಣ್ಣೆ, ಅಷ್ಟು ಸಾಕು. ನಮ್ಮ ಎಣ್ಣೆ ಅಂತ ಹೊಗಳುತ್ತಿಲ್ಲ, 2003ರಲ್ಲಿ ಒಂದು ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆ ಮೂರನ್ನೂ ಹಚ್ಚಿ ನೋಡಿದ್ದರು. ಕೂದಲಿನ ಪ್ರೋಟೀನ್ ಸವೆಯೋದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲ ಕೂದಲಿನ ಒಳಗೆ ಇಳಿಯುತ್ತೆ. ಅಂದರೆ ಕೂದಲು ತುಂಡಾಗೋದು ಕಡಿಮೆ ಆಗುತ್ತೆ ಅಷ್ಟೇ, ಹೊಸ ಕೂದಲು ಹುಟ್ಟುತ್ತೆ ಅಂತ ಅಲ್ಲ. ನಮ್ಮ ಅಂಗಡಿಗೆ ಬರುವವರಿಗೂ ಇದನ್ನೇ ಹೇಳುತ್ತೇನೆ, ಅಪ್ಪ ಬೈಯುತ್ತಾರೆ.

ಗರುಗದ (ಭೃಂಗರಾಜ) ಎಣ್ಣೆ ಮಾಡೋದಾದರೆ ಅರ್ಧ ಲೀಟರ್ ಎಣ್ಣೆಗೆ ಎರಡು ಹಿಡಿ ಸೊಪ್ಪು, ಒಂದು ಹಿಡಿ ಕರಿಬೇವು. ತೊಳೆದು ನೆರಳಲ್ಲಿ ಆರಿಸಿ ಅರೆದು, ಸಣ್ಣ ಉರಿಯಲ್ಲಿ ಕಾಯಿಸಿ. ಚಟಪಟ ಸದ್ದು ನಿಂತು, ಸೊಪ್ಪು ಗರಿಗರಿ ಆದಾಗ ಇಳಿಸಿ. ನೀರಿನ ಪಸೆ ಉಳಿದರೆ ಸ್ವಲ್ಪ ದಿನಕ್ಕೇ ಕಮಟು ವಾಸನೆ ಬರುತ್ತೆ.

ಬಿಳಿ ಕೋಟು:
ಎಲ್ಲರೂ ಎಣ್ಣೆ, ಪುಡಿ ಹಿಂದೆ ಬಿದ್ದಿದ್ದೀರಿ, ಅವರು ಕೊನೆಯಲ್ಲಿ ಸುಮ್ನೆ ಬರೆದ ಸಾಲು ಯಾರೂ ನೋಡಿಲ್ಲ. ಆಗಸ್ಟ್‌ನಲ್ಲಿ ಡೆಂಗ್ಯೂ! ನಾನು ಚರ್ಮದ ಡಾಕ್ಟರ ಹತ್ತಿರ ನರ್ಸ್. ಜೋರು ಜ್ವರ ಬಂದರೆ, ಹೆರಿಗೆ ಆದರೆ, ತುಂಬ ಕೂದಲು ಒಟ್ಟಿಗೇ ಬೆಳೆಯೋದು ನಿಲ್ಲಿಸುತ್ತವೆ. ಆದರೆ ತಕ್ಷಣ ಉದುರಲ್ಲ, ಎರಡು ಮೂರು ತಿಂಗಳು ಬಿಟ್ಟು ಉದುರುತ್ತವೆ. ಅಷ್ಟರಲ್ಲಿ ಜ್ವರ ಮರೆತುಹೋಗಿರುತ್ತೆ, ಜನ ನೀರನ್ನೋ ಶಾಂಪೂವನ್ನೋ ಬೈಯುತ್ತಾರೆ. ಬೇರು ಸಾಯುವುದಿಲ್ಲ, ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರೋದು ತಾನಾಗೇ ನಿಲ್ಲುತ್ತೆ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತೆ. ನಿಲ್ಲದಿದ್ದರೆ ರಕ್ತದಲ್ಲಿ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಥೈರಾಯ್ಡ್ ನೋಡಿಸಿ.

ಕೆರೆತ, ಹೊಟ್ಟು ಇರುವಾಗ ರಾತ್ರಿಯಿಡೀ ಎಣ್ಣೆ ಬಿಡಬೇಡಿ. ಹೊಟ್ಟು ಮಾಡುವ ಶಿಲೀಂಧ್ರಕ್ಕೆ ನೆತ್ತಿಯ ಜಿಡ್ಡೇ ಊಟ. ಆ ಶಿಲೀಂಧ್ರ ಕೊಲ್ಲುವ ಕೀಟೋಕೊನಜೋಲ್ ಶಾಂಪೂ ವಾರಕ್ಕೆರಡು ಸಲ, ಐದು ನಿಮಿಷ ಬಿಟ್ಟು ತೊಳೆಯಿರಿ, ನಾಲ್ಕು ವಾರ. ಅಲ್ಲಿಯವರೆಗೆ ಎಣ್ಣೆಯನ್ನು ಕೂದಲಿನ ತುದಿಗೆ ಮಾತ್ರ, ಅದೂ ಸ್ನಾನಕ್ಕೆ ಒಂದು ಗಂಟೆ ಮೊದಲು.

ಕೋಲಾರದ ಅಜ್ಜಿ:
ಶಾಂಪೂಗೆ ನನ್ನ ಒಪ್ಪಿಗೆ ಇಲ್ಲ ಅಂತ ಬರೆದುಕೊಳ್ಳಿ. ಜ್ವರದ ಮಾತು ಮಾತ್ರ ನಿಜ. ನನಗೆ ಬಾಣಂತನ ಆದಮೇಲೆ ಹೀಗೇ ಉದುರಿತ್ತು. ದೃಷ್ಟಿ ತೆಗೆಸಿದ್ದರು.

ತಿಪಟೂರಿನ ಮಗಳು:
ಡೆಂಗ್ಯೂ ವಿಷಯ ನನಗೆ ಹೊಳೆದೇ ಇರಲಿಲ್ಲ. ಇದನ್ನು ಅತ್ತೆಗೆ ಓದಿ ಹೇಳಿದೆ, ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ಚಿಗರೆಪುಡಿ ತಾವೇ ತರುತ್ತೇನೆ ಅಂದರು. ಬೋರ್ ನೀರಿಗೆ ಏನು ಮಾಡೋದು? ಬಿಂದಿಗೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತೆ. ಗರುಗದ ಸೊಪ್ಪು ಇಲ್ಲಿ ಎಲ್ಲಿ ಸಿಗುತ್ತೆ?

ಗಾಣದ ಹುಡುಗ, ತುಮಕೂರು:
ಆ ಪೊರೆ ಸುಣ್ಣದ ಅಂಶ ಅಕ್ಕಾ, ಕೂದಲ ಮೇಲೂ ಕೂರುತ್ತೆ, ಅದಕ್ಕೇ ಹಗ್ಗದ ಥರ ಆಗೋದು. ಸ್ನಾನದ ಸೋಪನ್ನು ತಲೆಗೆ ಮುಟ್ಟಿಸಬೇಡಿ, ಗಡಸು ನೀರಲ್ಲಿ ಸೋಪು ಮೊಸರಿನ ಥರ ಒಡೆದು ಅಂಟಿಕೊಳ್ಳುತ್ತೆ. ಕೊನೆಗೆ ಒಂದೆರಡು ಚೊಂಬು ಮಳೆ ನೀರೋ ಫಿಲ್ಟರ್ ನೀರೋ ಹಾಕಿಕೊಳ್ಳಿ. ಗರುಗ ಗದ್ದೆ ಬದು, ಕಾಲುವೆ ಪಕ್ಕ, ತೇವ ಇರುವ ಕಡೆ ಇರುತ್ತೆ. ಬಿಳಿ ಪುಟ್ಟ ಹೂವು, ಕಾಂಡ ಮುರಿದು ಉಜ್ಜಿದರೆ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತೆ. ಕಪ್ಪಾಗದಿದ್ದರೆ ಕೀಳಬೇಡಿ, ಕಾಂಗ್ರೆಸ್ ಗಿಡಕ್ಕೂ ಬಿಳಿ ಹೂವೇ ಇರೋದು. ಕೆಸಿ ವ್ಯಾಲಿ, ಎಚ್‌ಎನ್ ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರು ಸಂಸ್ಕರಿಸಿ ಬಿಡೋದು, ಬರುವ ಕಾಲುವೆಯಾದರೆ ಅಲ್ಲಿಂದ ಬೇಡ, ಎರಡು ಕಡ್ಡಿ ತಂದು ಮನೆ ಕುಂಡದಲ್ಲಿ ನೆಟ್ಟುಬಿಡಿ.