ಒಂದೇ ಬಳಚು, ಎರಡು ಡಿಎನ್‌ಎ ವರದಿ: ಯಾವುದನ್ನು ನಂಬಲಿ?

ಪ್ರಶ್ನೆ: ಸರ್, ಕಾರವಾರದಲ್ಲಿ ಕಡಲಜೀವಶಾಸ್ತ್ರ ಓದುತ್ತಿದ್ದೇನೆ. ಅಘನಾಶಿನಿ ಅಳಿವೆಯ ಬಳಚಿನ (ಎರಡು ಚಿಪ್ಪಿನ ಮೃದ್ವಂಗಿ) ಪ್ರಭೇದ ಗುರುತಿಸಲು ಮೈಟೊಕಾಂಡ್ರಿಯಾದ ಸಿಒಐ ಎಂಬ ಜೀನ್ ಓದಿಸಿದೆ. ಒಂದೇ ಚಿಪ್ಪಿನ ಮಾಂಸವನ್ನು ಎರಡು ಪಾಲು ಮಾಡಿ ಎರಡು ಪ್ರಯೋಗಾಲಯಗಳಿಗೆ ಕಳುಹಿಸಿದ್ದೆ. ಎರಡೂ ಕಡೆ ಫೋಲ್ಮರ್ ಪ್ರೈಮರ್ ಜೋಡಿಯನ್ನೇ (ಓದಬೇಕಾದ ಭಾಗದ ಎರಡು ತುದಿಗೆ ಅಂಟುವ ಚಿಕ್ಕ ಡಿಎನ್‌ಎ ತುಣುಕುಗಳು) ಬಳಸಿದ್ದಾರೆ. ಸ್ಯಾಂಗರ್ ಎಂಬ ಹಳೆಯ ಓದುವಿಕೆ ವಿಧಾನದವರು 658 ಡಿಎನ್‌ಎ ಅಕ್ಷರ (ಎ, ಟಿ, ಜಿ, ಸಿ) ಕೊಟ್ಟರು, ನ್ಯಾನೊಪೋರ್ ಎಂಬ ಹೊಸ ವಿಧಾನದವರು 708. ಅಕ್ಕಪಕ್ಕ ಇಟ್ಟು ನೋಡಿದರೆ ನಡುವೆಯೂ ಒಂಬತ್ತು ಕಡೆ ತಾಳೆಯಾಗುವುದಿಲ್ಲ. ಎರಡನೆಯದು ಉದ್ದವಾಗಿದೆ, ಯಂತ್ರವೂ ಹೊಸದು. ಅದನ್ನೇ ಇಟ್ಟುಕೊಳ್ಳಲೇ?

ಉತ್ತರ: ಉದ್ದಕ್ಕೆ ಮರುಳಾಗಬೇಡಿ. ಫೋಲ್ಮರ್ ಪ್ರೈಮರ್‌ಗಳ ಉದ್ದ 25 ಮತ್ತು 26 ಅಕ್ಷರ, ಒಟ್ಟು 51. ನ್ಯಾನೊಪೋರ್‌ನವರು ಪ್ರೈಮರ್ ಕತ್ತರಿಸದೆ ಹಾಗೆಯೇ ಕೊಟ್ಟಿದ್ದಾರೆ. ಆ ಅಕ್ಷರಗಳು ಅಂಗಡಿಯಿಂದ ತರಿಸಿದ ಪ್ರೈಮರ್‌ನವು, ಬಳಚಿನವಲ್ಲ. ಆದರೆ 658ಕ್ಕೆ 51 ಕೂಡಿಸಿದರೆ 709 ಆಗಬೇಕಿತ್ತು. ಒಂದು ಅಕ್ಷರ ಎಲ್ಲೋ ಬಿದ್ದುಹೋಗಿದೆ. ‘ಟಿ’ ಸಾಲಾಗಿ ಬಂದಿರುವ ಜಾಗ ಹುಡುಕಿ. ಒಂದೇ ಅಕ್ಷರ ಮತ್ತೆ ಮತ್ತೆ ಬಂದಲ್ಲಿ ಎಣಿಕೆ ತಪ್ಪುವುದು ನ್ಯಾನೊಪೋರ್‌ನ ಹಳೆಯ ಚಾಳಿ.

ಸ್ಯಾಂಗರ್‌ನವರಿಂದ ಕ್ರೋಮ್ಯಾಟೋಗ್ರಾಮ್ (ಪ್ರತಿ ಅಕ್ಷರವನ್ನೂ ಒಂದು ಶಿಖರವಾಗಿ ತೋರಿಸುವ ನಕ್ಷೆ) ಕಡತ ಕೇಳಿದಿರಾ? ಬರಿಯ ಅಕ್ಷರಮಾಲೆ ಹಿಡಿದುಕೊಂಡು ಗುಣಮಟ್ಟ ಹೋಲಿಸುವುದು ಮೀನನ್ನು ಫೋಟೊ ನೋಡಿ ಕೊಂಡಂತೆ.

ಪ್ರಶ್ನೆ: ಸಿಕ್ಕಿತು ಸರ್! ಏಳು ಟಿ ಇರಬೇಕಾದಲ್ಲಿ ಆರೇ ಇವೆ. ಕ್ರೋಮ್ಯಾಟೋಗ್ರಾಮ್ ಈಗ ತರಿಸಿಕೊಂಡೆ. ಒಂದೇ ದಿಕ್ಕಿನಿಂದ ಓದಿದ್ದಾರೆ. ಉಳಿದ ವ್ಯತ್ಯಾಸಗಳಲ್ಲಿ ಆರು ಆರಂಭದ 30 ಅಕ್ಷರಗಳೊಳಗೇ ಇವೆ. ಇನ್ನೆರಡು ನಡುಮಧ್ಯೆ ಇವೆ, ಅಲ್ಲಿ ಒಂದರ ಮೇಲೊಂದು ಎರಡು ಶಿಖರ ಕಾಣುತ್ತವೆ.

ಉತ್ತರ: ಸ್ಯಾಂಗರ್ ಓದಿನ ಮೊದಲ 30–40 ಅಕ್ಷರಗಳಲ್ಲಿ ಶಿಖರಗಳು ಕಲಸಿಹೋಗಿರುತ್ತವೆ. ತಂತ್ರಾಂಶ ಅಂದಾಜಿನ ಮೇಲೆ ಏನೋ ಒಂದನ್ನು ಬರೆದುಬಿಡುತ್ತದೆ. ಅಲ್ಲಿ ಗುಣಾಂಕ (ಆ ಅಕ್ಷರವನ್ನು ಎಷ್ಟು ನಂಬಬಹುದು ಎಂಬ ಅಂಕ) 20ಕ್ಕಿಂತ ಕೆಳಗಿರುವುದನ್ನು ನೋಡುತ್ತೀರಿ. 20 ಎಂದರೆ ನೂರಕ್ಕೊಂದು ತಪ್ಪು, 30 ಎಂದರೆ ಸಾವಿರಕ್ಕೊಂದು. ಎದುರು ದಿಕ್ಕಿನಿಂದಲೂ ಓದಿಸಿದರೆ ಆ ಆರು ತಕರಾರು ತೀರುತ್ತವೆ. ನ್ಯಾನೊಪೋರ್‌ನವರ ಗುಣಾಂಕವನ್ನು ಇದರ ಪಕ್ಕ ಇಟ್ಟು ತೂಗಬೇಡಿ, ಅದರ ಲೆಕ್ಕಾಚಾರ ಬೇರೆ. ಎಷ್ಟು ಓದುಗಳನ್ನು ಸೇರಿಸಿ ಒಮ್ಮತದ ಸಾಲು ತೆಗೆದರು ಎಂದು ಕೇಳಿ.

ಜೋಡಿ ಶಿಖರದ ಬಗ್ಗೆ ನನಗೆ ನಿಮ್ಮ ಮೇಲೆಯೇ ಅನುಮಾನ. ಬಳಚಿನ ಯಾವ ಭಾಗ ಕೊಯ್ದಿರಿ?

ಪ್ರಶ್ನೆ: ಚಿಪ್ಪು ಬಿಡಿಸಿ ಇಡೀ ಮಾಂಸವನ್ನು ಕೊಚ್ಚಿ...

ಉತ್ತರ: ಅದು ಸಾರು ಮಾಡಲು ಸರಿ. ಬಳಚಿನ ಹೊಟ್ಟೆಯಲ್ಲಿ ಅದು ತಿಂದದ್ದೆಲ್ಲ ಇರುತ್ತದೆ, ಆ ಆಹಾರದ ಡಿಎನ್‌ಎ ಕೂಡ ಪಿಸಿಆರ್‌ನಲ್ಲಿ (ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಹಂತ) ಸೇರಿಕೊಂಡು ಜೋಡಿ ಶಿಖರ ಬರಬಹುದು. ಚಿಪ್ಪು ಮುಚ್ಚುವ ಸ್ನಾಯುವಿನ ಒಂದು ಸಣ್ಣ ಚೂರು ಸಾಕು. ಬಿಡಿಸಿದ ಕೂಡಲೇ 95 ಶೇಕಡಾ ಎಥನಾಲ್‌ಗೆ ಹಾಕಿ, ಫಾರ್ಮಲಿನ್ ಬೇಡ.

ಇನ್ನು ಹೋಲಿಕೆಯ ಮಾತು. ಮಾಂಸ ಹಂಚಬೇಡಿ. ಡಿಎನ್‌ಎ ನೀವೇ ತೆಗೆದು, ಒಂದೇ ನಳಿಕೆಯಿಂದ ಎರಡು ಪಾಲು ಮಾಡಿ ಕಳುಹಿಸಿ. ಒಂದು ಮಾದರಿಯನ್ನು ಬೇರೆ ಬೇರೆ ಸಂಖ್ಯೆ ಹಾಕಿ ಒಂದೇ ಪ್ರಯೋಗಾಲಯಕ್ಕೆ ಎರಡು ಸಲ ಕೊಡಿ. ತನ್ನ ಉತ್ತರವನ್ನೇ ತಾನು ಒಪ್ಪದವರ ಬಿಲ್ಲು ಎಷ್ಟು ಕಡಿಮೆಯಾದರೇನು?

ಪ್ರಶ್ನೆ: ಇನ್ನೊಂದು. ಸ್ಯಾಂಗರ್‌ನವರು ‘ನಡುವೆ ಸ್ಟಾಪ್ ಕೋಡಾನ್‌ಗಳಿವೆ (ಪ್ರೋಟೀನ್ ಕಟ್ಟುವುದನ್ನು ನಿಲ್ಲಿಸುವ ಮೂರಕ್ಷರದ ಸಂಕೇತ), ಹುಸಿ ಜೀನ್ (ಕೆಲಸ ಮಾಡದ ನಕಲು)’ ಎಂದು ಷರಾ ಬರೆದಿದ್ದಾರೆ.

ಉತ್ತರ: ಡಿಎನ್‌ಎ ಅಕ್ಷರಗಳನ್ನು ಪ್ರೋಟೀನ್ ಭಾಷೆಗೆ ಯಾವ ಸಂಕೇತ ಕೋಷ್ಟಕದಲ್ಲಿ ಅನುವಾದಿಸಿದರು ಎಂದು ಕೇಳಿ. ಕಶೇರುಕಗಳ ಮೈಟೊಕಾಂಡ್ರಿಯಾಕ್ಕೆ ಕೋಷ್ಟಕ 2, ಬಳಚಿಗೆ ಕೋಷ್ಟಕ 5. ಕೋಷ್ಟಕ 2ರಲ್ಲಿ ಎಜಿಎ ಎಂದರೆ ನಿಲ್ಲು, ಕೋಷ್ಟಕ 5ರಲ್ಲಿ ಅದು ಸೆರೀನ್ ಎಂಬ ಅಮೈನೊ ಆಮ್ಲ. ಬಂಗುಡೆ ಮೀನು ಪರೀಕ್ಷಿಸಿದ ಕೈಯಲ್ಲೇ ಬಳಚನ್ನೂ ನೋಡಿರಬೇಕು.

ಪ್ರಶ್ನೆ: ಐದರಲ್ಲಿ ಹಾಕಿದೆ ಸರ್. ಒಂದೂ ಸ್ಟಾಪ್ ಇಲ್ಲ!