‘ದಮ್ಮು ಹತ್ತೇತಿ’, ‘ಕಸುವಿಲ್ಲ’, ‘ಪೆಟ್ಟು ಬೀಳವಲ್ದು’: ಗಾಳಿ ಗನ್ನಿನ ಮಾತುಗಳ ಬಗ್ಗೆ ಒಂದು ಕೇಳಿಕೆ

ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯ ಗಬ್ಬೂರು ಬೈಪಾಸಿನ ಹತ್ತಿರ ನನ್ನ ತಮ್ಮ ಕಾರು, ಟೆಂಪೋಗಳ ಗ್ಯಾರೇಜು ನಡೆಸುತ್ತಾನೆ. ಅಲ್ಲಿ ಕೆಲಸ ಕಲಿಯುವ ಹುಡುಗರಿಗಾಗಿ, ಗಾಳಿಯಿಂದ ನಡೆಯುವ ಸಲಕರಣೆಗಳ ದುರಸ್ತಿಯನ್ನು ಕುರಿತು ಕನ್ನಡದಲ್ಲಿ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ಚಕ್ರದ ನಟ್ಟು ಬಿಚ್ಚುವ ಇಂಪ್ಯಾಕ್ಟ್ ರೆಂಚಿನ ಅಧ್ಯಾಯಕ್ಕೆ ಬಂದಾಗ ಮೊದಲ ಸಾಲಿನಲ್ಲೇ ತೊಡಕಾಯಿತು. ‘ಶಕ್ತಿ ಸಾಲದಿದ್ದರೆ ಏನು ಮಾಡಬೇಕು’ ಎಂದು ಬರೆದು ಹೊಡೆದುಹಾಕಿದೆ. ನಮ್ಮ ಶಾಲೆಯ ವಿಜ್ಞಾನ ಪಠ್ಯಗಳಲ್ಲಿ ಫೋರ್ಸ್‌ಗೆ ಬಲ, ಎನರ್ಜಿಗೆ ಶಕ್ತಿ, ಪವರ್‌ಗೆ ಸಾಮರ್ಥ್ಯ ಎಂದು ಗೊತ್ತುಮಾಡಿದ್ದಾರೆ. ಆ ಲೆಕ್ಕದಲ್ಲಿ ‘ಸಾಮರ್ಥ್ಯ’ ಎಂದೇ ಬರೆಯಬೇಕಾಗುತ್ತದೆ. ಆದರೆ ಗ್ಯಾರೇಜಿನ ಹುಡುಗನಿಗೆ ಆ ಪದ ಗನ್ನಿನಲ್ಲಿ ಎಲ್ಲಿ ಕೈಯಿಡಬೇಕೆಂಬುದನ್ನು ತಿಳಿಸುವುದಿಲ್ಲ.

ತಮ್ಮ ಕಳೆದ ತಿಂಗಳು ಅರ್ಧ ಇಂಚಿನ ಹಳೆಯ ಗನ್ನೊಂದನ್ನು ಕೊಂಡು ತಂದಿದ್ದ. (ಇಂಪ್ಯಾಕ್ಟ್ ರೆಂಚು ಎಂದು ಅಲ್ಲಿ ಯಾರೂ ಅನ್ನುವುದಿಲ್ಲ, ‘ಗನ್ನು’ ಅಥವಾ ‘ಹವಾ ಗನ್ನು’ ಎನ್ನುತ್ತಾರೆ.) ಕಾರಿನ ಚಕ್ರದ ನಟ್ಟಿಗೆ ಹಚ್ಚಿದರೆ ಮೊದಲ ಕ್ಷಣ ಜೋರಾಗಿ ಗರ್ರೆಂದು, ಮರುಕ್ಷಣವೇ ಸೊರಗಿ, ನಟ್ಟನ್ನು ಅಲ್ಲಾಡಿಸದೆ ನಿಲ್ಲುತ್ತಿತ್ತು. ಕೊನೆಗೆ ಹುಡುಗ ಪಾನಾ ಹಚ್ಚಿ, ಅದರ ಮೇಲೆ ಕಾಲಿಟ್ಟು ಬಿಚ್ಚಿದ. ಹಿರಿಯ ಮಿಸ್ತ್ರಿ ಟ್ರಿಗರನ್ನು ಎರಡು ಸಲ ಒತ್ತಿ, ಕಿವಿಗೊಟ್ಟು ಕೇಳಿ, ನನಗೆ ಹೇಳಿದ ಮಾತು ಇದು: “ಇದರ ಕಸುವು ಹೋಗಿಲ್ಲರಿ ಸರ, ದಮ್ಮು ಹತ್ತೇತಿ.”

ನನ್ನ ಪ್ರಶ್ನೆ ಹುಟ್ಟಿದ್ದು ಈ ಮಾತಿನಿಂದ. ‘ದಮ್’ ಎಂದರೆ ಪಾರಸಿಯಲ್ಲಿ ಉಸಿರು. ನಮ್ಮ ಕಡೆ ಓಡಿ ಬಂದವನಿಗೂ ದಮ್ಮು ಹತ್ತುತ್ತದೆ, ಉಬ್ಬಸದ ರೋಗಕ್ಕೂ ದಮ್ಮು ಎನ್ನುತ್ತಾರೆ. ಮಿಸ್ತ್ರಿ ಅದನ್ನು ಹೋಲಿಕೆಯಾಗಿ ಬಳಸಿದರೆಂದು ನಾನು ಮೊದಲು ತಿಳಿದೆ. ಆದರೆ ಅದು ಕರಾರುವಾಕ್ಕಾದ ರೋಗನಿರ್ಣಯವಾಗಿತ್ತು. ಗನ್ನು ಸುಮ್ಮನಿದ್ದಾಗ ಪೈಪಿನ ತುಂಬ ಗಾಳಿ ಕಾದುಕೊಂಡಿರುತ್ತದೆ. ಟ್ರಿಗರ್ ಒತ್ತಿದೊಡನೆ ಆ ಕೂಡಿಟ್ಟ ಗಾಳಿಯಿಂದ ಗನ್ನು ಜೋರಾಗಿ ತಿರುಗುತ್ತದೆ, ಆಮೇಲೆ ಹಿಂದಿನಿಂದ ಬರಬೇಕಾದ ಗಾಳಿ ಅಷ್ಟೇ ವೇಗವಾಗಿ ಬಾರದಿದ್ದರೆ ಸೊರಗುತ್ತದೆ. ಇಂಥ ಗನ್ನುಗಳಿಗೆ ಸಾಮಾನ್ಯವಾಗಿ ಚದರ ಇಂಚಿಗೆ 90 ಪೌಂಡು, ಅಂದರೆ ಸುಮಾರು 6.2 ಬಾರ್ ಒತ್ತಡ ಬೇಕು, ಮತ್ತು ಅದು ಗನ್ನು ತಿರುಗುತ್ತಿರುವಾಗ ಅದರ ಬಾಯಲ್ಲೇ ಇರಬೇಕು. ಕಂಪ್ರೆಸರಿನ ಮೀಟರು 120 ತೋರಿಸುತ್ತಿತ್ತು, ಹುಡುಗರು ಅದನ್ನೇ ನಂಬಿದ್ದರು. ಗನ್ನಿನ ಬಾಯಿಗೆ ಇನ್ನೊಂದು ಮೀಟರು ಜೋಡಿಸಿ ಟ್ರಿಗರ್ ಒತ್ತಿದಾಗ ಮುಳ್ಳು ಸರ್ರನೆ 50ರ ಕೆಳಗೆ ಇಳಿಯಿತು. ಪೈಪಿನ ಒಳವ್ಯಾಸ ಬರೀ 6 ಮಿಲಿಮೀಟರ್ ಇತ್ತು. 10 ಮಿಲಿಮೀಟರಿನದನ್ನು ಹಾಕಿ, ಗನ್ನಿನ ಬಾಯಲ್ಲಿ ತುಕ್ಕು ಕಟ್ಟಿದ್ದ ಸಣ್ಣ ಜಾಲರಿಯನ್ನು ತೊಳೆದ ಮೇಲೆ ಮುಳ್ಳು ಅಷ್ಟು ಕುಸಿಯಲಿಲ್ಲ. ನಲ್ಲಿ ಮುಚ್ಚಿದ್ದಾಗ ಇರುವ ಜೋರಿಗೂ ತಿರುಗಿಸಿದಾಗ ಬರುವ ನೀರಿಗೂ ಇರುವ ವ್ಯತ್ಯಾಸವೇ ಇದು. ಮೊದಲನೆಯದಕ್ಕೆ ‘ಒತ್ತಡ’ ಎಂಬ ಪದವಿದೆ, ಎರಡನೆಯದಕ್ಕೆ ‘ಹರಿವು’ ಎಂಬುದಿದೆ, ಆದರೆ ಹರಿವು ಸಾಲದೆ ದುಡಿಯುವಾಗ ಒತ್ತಡ ಕುಸಿಯುವ ಸ್ಥಿತಿಗೆ ‘ದಮ್ಮು ಹತ್ತು’ ಎಂಬುದರಷ್ಟು ಒಪ್ಪುವ ಮಾತನ್ನು ನಾನು ಯಾವ ಪಾರಿಭಾಷಿಕ ಕೋಶದಲ್ಲೂ ಕಂಡಿಲ್ಲ.

ಅದೇ ಮಿಸ್ತ್ರಿಯ ಬಾಯಲ್ಲಿ ‘ಕಸುವಿಲ್ಲ’ ಎಂದರೆ ಬೇರೆಯೇ. ಗಾಳಿ ಸರಿಯಾಗಿ ಬರುತ್ತಿದ್ದರೂ ಮೊದಲಿನಿಂದಲೇ ಮಂದವಾಗಿ ತಿರುಗುವ, ಅಂದರೆ ಒಳಗಿನ ಗಾಳಿ ಮೋಟಾರೇ ಸೊರಗಿದ ಗನ್ನಿಗೆ ಅವರು ಹಾಗೆ ಹೇಳುತ್ತಾರೆ. ‘ಪೆಟ್ಟು ಬೀಳವಲ್ದು’ ಎಂದರೆ ಮೋಟಾರು ಚೆನ್ನಾಗಿ ತಿರುಗಿದರೂ ಮುಂದಿನ ಸುತ್ತಿಗೆಯ ಭಾಗ ಸವೆದು, ಬಡಿತ ನಟ್ಟಿನವರೆಗೆ ಮುಟ್ಟುತ್ತಿಲ್ಲವೆಂದು ಅರ್ಥ. ಮೂರು ದೋಷ, ಮೂರು ಜಾಗ, ಮೂರು ಮಾತು. ಇವನ್ನೆಲ್ಲ ‘ಸಾಮರ್ಥ್ಯದ ಕೊರತೆ’ ಎಂಬ ಒಂದೇ ಪದದಡಿ ತಂದರೆ ಇರುವ ಜ್ಞಾನವನ್ನು ಕಳೆದಂತಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನೊಂದು ಪದದ ಬಗ್ಗೆಯೂ ಸಲಹೆ ಬೇಕು. ನಮ್ಮ ಗನ್ನಿಗೆ ದಮ್ಮು ಹತ್ತಿದ್ದಲ್ಲದೆ ಕಸುವೂ ಸ್ವಲ್ಪ ಕುಂದಿತ್ತೆಂಬುದು ಪೈಪು ಬದಲಿಸಿದ ಮೇಲೆ ತಿಳಿಯಿತು. ಗಾಳಿ ಕಳಚಿ ಹಿಂದಿನ ಮುಚ್ಚಳ ಬಿಚ್ಚಿದಾಗ, ಮೋಟಾರಿನ ತಿರುಗುವ ಭಾಗವಾದ ರೋಟರಿನ ಸೀಳುಗಳಲ್ಲಿ ಸಲೀಸಾಗಿ ಹೊರಗೊಳಗೆ ಸರಿಯಬೇಕಾದ ಆರು ತೆಳು ಪಟ್ಟಿಗಳಲ್ಲಿ ಎರಡು, ಹಳೆಯ ಎಣ್ಣೆ ಮತ್ತು ಕಂಪ್ರೆಸರ್ ಟ್ಯಾಂಕಿನ ನೀರು ಸೇರಿ ಆದ ಕಂದು ಅಂಟಿನಲ್ಲಿ ಕಚ್ಚಿಕೊಂಡಿದ್ದವು. ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒರೆಸಿ ಒಣಗಿಸಿ, ಗಾಳಿ ಸಲಕರಣೆಯ ತೆಳು ಎಣ್ಣೆ ಹಾಕಿದ ಮೇಲೆ ಅವು ಬೆರಳಿನಿಂದ ತಳ್ಳಿದರೆ ಸರಿಯತೊಡಗಿದವು, ಗನ್ನು ನಟ್ಟು ಬಿಚ್ಚಿತು. ಈ ಪಟ್ಟಿಗಳಿಗೆ, ಅಂದರೆ ವೇನ್‌ಗಳಿಗೆ, ‘ರೆಕ್ಕೆ’ ಎಂದು ಅನುವಾದಿಸುವುದನ್ನು ನೋಡಿದ್ದೇನೆ. ರೆಕ್ಕೆ ತನ್ನ ಗೂಡಿನೊಳಗೆ ಸರಿದು ಹೋಗುವುದಿಲ್ಲ. ‘ಅಲಗು’ ಎಂದರೆ ಹರಿತ ನೆನಪಾಗುತ್ತದೆ, ಇಲ್ಲಿ ಹರಿತವಿಲ್ಲ. ನಮ್ಮ ಹಳೆಯ ಮನೆಗಳ ತಲಬಾಗಿಲಿಗೆ ಗೋಡೆಯ ಗೂಡಿನಿಂದ ಹೊರಬಂದು ಒಳಸರಿಯುವ ‘ಅಗಳಿ’ ಇದೆಯಲ್ಲ, ಚಲನೆಯ ದೃಷ್ಟಿಯಿಂದ ಅದು ಇದಕ್ಕೆ ತೀರ ಹತ್ತಿರ. ಆದರೆ ಈಗಿನ ಹುಡುಗರು ಅಗಳಿಯನ್ನು ಕಂಡಿರುವುದೇ ಅಪರೂಪ, ಹಾಗಾಗಿ ಸದ್ಯಕ್ಕೆ ಮಿಸ್ತ್ರಿಯ ‘ಪಟ್ಟಿ’ಯನ್ನೇ ಉಳಿಸಿಕೊಂಡಿದ್ದೇನೆ.

ಗದಗ, ಹಾವೇರಿ ಕಡೆಯವರಲ್ಲಿ, ಹಾಗೆಯೇ ಮೈಸೂರು ಮತ್ತು ಕರಾವಳಿಯ ಗ್ಯಾರೇಜುಗಳ ಒಡನಾಟವಿರುವವರಲ್ಲಿ ನನ್ನ ಕೇಳಿಕೆ ಇಷ್ಟು. ‘ದಮ್ಮು ಹತ್ತು’ ಎಂಬುದನ್ನು ಯಂತ್ರಕ್ಕೆ ನಿಮ್ಮಲ್ಲೂ ಬಳಸುತ್ತಾರೆಯೇ, ಬಳಸಿದರೆ ಗಾಳಿಯ ಹರಿವು ಸಾಲದಿರುವುದಕ್ಕೆ ಮಾತ್ರವೋ ಅಥವಾ ಎಂಜಿನ್ ಏರು ಹತ್ತದಿದ್ದಾಗಲೂ ಹೇಳುತ್ತಾರೆಯೇ? ದಕ್ಷಿಣದ ಓದುಗನಿಗೆ ಅದು ತಿಳಿಯದೆಂದಾದರೆ ‘ಉಸಿರು ಸಾಲದು’ ಎಂದು ಬರೆಯಬಹುದೇ? ಟಾರ್ಕ್‌ಗೆ ‘ತಿರುಚುಬಲ’, ‘ತಿರುಗುಬಲ’ ಎರಡರಲ್ಲಿ ನನ್ನ ಒಲವು ಮೊದಲನೆಯದರ ಕಡೆಗಿದೆ, ಏಕೆಂದರೆ ಕಚ್ಚಿಕೊಂಡ ನಟ್ಟು ಇನ್ನೂ ತಿರುಗದಿರುವಾಗಲೂ ಆ ಬಲ ಅದರ ಮೇಲೆ ಬೀಳುತ್ತಲೇ ಇರುತ್ತದೆ. ನಿಮ್ಮೂರಿನ ಮಿಸ್ತ್ರಿಗಳು ಆಡುವ ಮಾತನ್ನು ಅವರ ಬಾಯಲ್ಲಿ ಬಂದ ಹಾಗೆಯೇ, ಊರಿನ ಹೆಸರಿನೊಂದಿಗೆ ಬರೆದು ಕಳಿಸಿದರೆ ಉಪಕಾರವಾಗುತ್ತದೆ.