ಬೆಂಗಳೂರಿಗೆ ಹೋಗುವವರಿಗೆ ಮರಾಠಿ ಯಾಕೆ, ಭೂಗೋಳ ಯಾಕೆ?

ಪುಣೆಯ ವಾಕಡದ ತಂಗಿ ಶನಿವಾರ ನಮ್ಮ ಮಹಾರಾಷ್ಟ್ರದ ಕನ್ನಡಿಗರ ಗುಂಪಿನಲ್ಲಿ ಹಾಕಿದ ಪ್ರಶ್ನೆ ಎರಡು ದಿನದಿಂದ ತಲೆಯಲ್ಲಿ ಕೂತಿದೆ. "ಮಗ ನಾಲ್ಕನೇ ಕ್ಲಾಸು. ಇನ್ನೆರಡು ವರ್ಷಕ್ಕೆ ನಮಗೆ ಬೆಂಗಳೂರಿಗೆ ವರ್ಗ ಆಗಬಹುದು. ಗಣಿತ, ವಿಜ್ಞಾನ, ಇಂಗ್ಲಿಷ್ ಗಟ್ಟಿ ಮಾಡಿಸಿ, ಮರಾಠಿ, ಇತಿಹಾಸ, ಭೂಗೋಳ ಎಲ್ಲ ಪಾಸಾಗುವಷ್ಟು ಓದಿಸಿದರೆ ಸಾಕಲ್ವಾ?" ಕೆಳಗೆ ಹದಿನೇಳು ಜನ ಹೆಬ್ಬೆರಳು ಎತ್ತಿದ್ದಾರೆ. ನಾನು ಎತ್ತಲಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ದೊಡ್ಡ ಮಗಳಿಗೆ ನಾನೂ ಹೀಗೇ ಮಾಡಿದ್ದೆ. ಭೂಗೋಳ ಅಂದರೆ ನಮ್ಮ ಮನೆಯಲ್ಲಿ ಪರೀಕ್ಷೆಯ ಹಿಂದಿನ ರಾತ್ರಿಯ ಕೆಲಸ. ಭೀಮಾ ಎಲ್ಲಿ ಹುಟ್ಟುತ್ತದೆ? ಭೀಮಾಶಂಕರ. ಯಾವ ನದಿ ಸೇರುತ್ತದೆ? ಕೃಷ್ಣಾ. ಬಾಯಿಪಾಠ, ಪೂರ್ತಿ ಮಾರ್ಕ್ಸ್, ಮುಗೀತು. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿತಲ್ಲ, ಆಗ ಕಲಬುರಗಿ ಜಿಲ್ಲೆಯ ಅಫಜಲಪುರ ಕಡೆಯಿಂದ ನಮ್ಮ ಅವ್ವನ ಫೋನು. ಹೊಲದ ತುಂಬ ನೀರು, ತೊಗರಿ ಹೋಯಿತು ಅಂತ ಅಳುತ್ತಿದ್ದಳು. ಮಗಳು ಪಕ್ಕದಲ್ಲೇ ಕೂತಿದ್ದಳು. ಫೋನಿಟ್ಟ ಮೇಲೆ ಕೇಳಿದಳು: "ಅಮ್ಮಾ, ಅಜ್ಜಿ ಹೇಳಿದ ಭೀಮಾ, ಪುಸ್ತಕದಲ್ಲಿರೋ ಭೀಮಾನೇ?"

ಆರನೇ ಕ್ಲಾಸಿನ ಹುಡುಗಿ. ಮಾರ್ಕ್ಸ್ ಪೂರ್ತಿ ಬಂದಿತ್ತು.

ಆ ರಾತ್ರಿ ನಕ್ಷೆ ಹರಡಿಕೊಂಡು ಕೂತೆವು. ಖಡಕವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಪುಣೆಯ ಮುಠಾ ನದಿ ತುಂಬಿ ಭಿಡೆ ಪೂಲ್ ಅನ್ನುವ ಸೇತುವೆ ಮುಳುಗುತ್ತದೆ, ಅದನ್ನು ಪ್ರತಿ ಮಳೆಗಾಲ ಹೋಗಿ ನೋಡಿ ಬರುತ್ತೇವೆ. ಅದೇ ನೀರು ಸಂಗಮದಲ್ಲಿ ಮುಳಾ ಸೇರಿ, ಮುಂದೆ ಭೀಮಾ ಸೇರಿ, ಉಜನಿ ಅಣೆಕಟ್ಟು ದಾಟಿ, ಪಂಢರಪುರ ದಾಟಿ ನಮ್ಮ ಅವ್ವನ ಹೊಲದ ಬದಿಗೆ ಬರುತ್ತದೆ. ಹದಿನಾಲ್ಕು ವರ್ಷ ಪುಣೆಯಲ್ಲಿದ್ದೂ ನಾನೇ ಅದನ್ನು ಬೆರಳಿಟ್ಟು ನೋಡಿದ್ದು ಆವತ್ತೇ ಮೊದಲು. ಭೂಗೋಳ ಇರುವುದು ನದಿಯ ಹೆಸರು ಹೇಳುವುದಕ್ಕಲ್ಲ. ಇಲ್ಲಿ ಬಾಗಿಲು ತೆರೆದರೆ ಅಲ್ಲಿ ಯಾರ ಮನೆಗೆ ನೀರು ನುಗ್ಗುತ್ತದೆ ಅಂತ ಗೊತ್ತಾಗುವುದಕ್ಕೆ.

ಇತಿಹಾಸಕ್ಕೆ ಬರೋಣ. ಇಲ್ಲಿ ನಾಲ್ಕನೇ ಕ್ಲಾಸಿನ ಇತಿಹಾಸ ಅಂದರೆ ಶಿವಾಜಿ ಮಹಾರಾಜರು. ಚಿಕ್ಕವನು ಈಗ ಅದನ್ನೇ ಓದುತ್ತಿದ್ದಾನೆ. ಪ್ರತಾಪಗಡ, 1659, ವಿಜಯಪುರದ ಆದಿಲ್‌ಶಾಹಿಯಿಂದ ಬಂದು ಶಿವಾಜಿಯ ಕೈಯಲ್ಲಿ ಸತ್ತ ಅಫಜಲಖಾನ. ಕ್ಲಾಸಿನಲ್ಲಿ ಯಾರೋ ಇವನ ಊರಿನ ಹೆಸರು ಕೇಳಿದ್ದಾರೆ. ಇವನು ಅಫಜಲಪುರ ಅಂದಿದ್ದಾನೆ. ಅಷ್ಟು ಸಾಕಲ್ಲ! ವಾರವಿಡೀ ಇವನೇ ಖಾನ. ಮನೆಗೆ ಬಂದು ಮುಖ ಊದಿಸಿಕೊಂಡು ಕೇಳಿದ: "ನಾವು ಯಾರ ಕಡೆ?"

ಶಾಲೆಗೆ ಹೋಗಿ ಜಗಳ ಮಾಡು ಅಂತ ನಮ್ಮವರು ಅಂದರು. ನಾನು ಹೋಗಲಿಲ್ಲ. ಮಗನಿಗೆ ಶಹಾಜಿಯ ಕಥೆ ಹೇಳಿದೆ. ಶಿವಾಜಿಯ ಅಪ್ಪ ವಿಜಯಪುರದ ಆದಿಲ್‌ಶಾಹಿಯಲ್ಲಿ ಸರದಾರ. ಬೆಂಗಳೂರು ಅವನ ಜಹಗೀರು. 1664ರಲ್ಲಿ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ತೀರಿಕೊಂಡ, ಸಮಾಧಿ ನಮ್ಮ ದಾವಣಗೆರೆ ಜಿಲ್ಲೆಯ ಚನ್ನಗಿರಿ ಹತ್ತಿರ ಹೊದಿಗೆರೆಯಲ್ಲಿದೆ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರೆ ಅಪ್ಪ ಒಂದು ಕಡೆ, ಮಗ ಇನ್ನೊಂದು ಕಡೆನಾ?" ಅಂದ. ಅಷ್ಟು ಸುಲಭ ಅಲ್ಲ ಕಂದ ಅಂದೆ. ಇತಿಹಾಸದ ಪಾಠ ಶುರುವಾಗುವುದು ಅಲ್ಲಿಂದ ಅಂತ ನನಗನ್ನಿಸುತ್ತದೆ. ಇಸವಿಗಳನ್ನು ಫೋನೂ ಹೇಳುತ್ತದೆ.

ಇನ್ನು ನೀವೆಲ್ಲ ಗಟ್ಟಿ ಮಾಡಿಸಬೇಕು ಅನ್ನುವ ಗಣಿತ. 2019ರಲ್ಲಿ ಇಲ್ಲಿ ಬಾಲಭಾರತಿಯ, ಅಂದರೆ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯ, ಎರಡನೇ ಕ್ಲಾಸಿನ ಗಣಿತ ಪುಸ್ತಕದ ಮೇಲೆ ಆದ ಗಲಾಟೆ ನೆನಪಿದೆಯಾ? ಮರಾಠಿ ಸಂಖ್ಯೆಗಳ ಹೆಸರಿನಲ್ಲಿ ಬಿಡಿಸ್ಥಾನದ ಅಂಕಿ ಮೊದಲು, ಹತ್ತರ ಸ್ಥಾನದ್ದು ಆಮೇಲೆ. 57ಕ್ಕೆ 'ಸತ್ತಾವನ್ನ', ಅಂದರೆ ಏಳು ಮೊದಲು, ಐವತ್ತು ಆಮೇಲೆ. ಪುಟ್ಟ ಮಕ್ಕಳು ಕೇಳಿದ ಹಾಗೇ ಬರೆದು 75 ಮಾಡುತ್ತಾರೆ. ಅದಕ್ಕೇ ಮಂಗಳಾ ನಾರಳೀಕರ್ ಅವರ ಸಮಿತಿ 21ಕ್ಕೆ 'ಏಕವೀಸ' ಜೊತೆಗೆ 'ವೀಸ ಏಕ' (ಇಪ್ಪತ್ತು, ಒಂದು) ಅಂತಲೂ ಕಲಿಸೋಣ ಅಂತು. ಜಗಳ ವಿಧಾನಸಭೆಯವರೆಗೆ ಹೋಯಿತು.

ನಮಗೆ ಆ ಕಷ್ಟವೇ ಇಲ್ಲ. ಐವತ್ತೇಳು ಅಂದರೆ ಐವತ್ತು, ಏಳು. ಹದಿನೈದು ಅಂದರೆ ಹತ್ತು, ಐದು. ಇಂಗ್ಲಿಷಿನಲ್ಲಿ ಕೂಡ ಥರ್ಟೀನ್, ಫಿಫ್ಟೀನ್ ಉಲ್ಟಾನೇ. ಸಂಖ್ಯೆಯ ಒಳಗಿನ ಕಟ್ಟಡ ಕನ್ನಡದ ಹೆಸರಿನಲ್ಲೇ ಕಾಣುತ್ತದೆ. ಹೀಗಿದ್ದೂ ನಾವು ಮನೆಯಲ್ಲಿ ಮಕ್ಕಳ ಜೊತೆ ಎಣಿಸುವುದು ಒನ್, ಟೂ, ತ್ರೀ! ಗಣಿತದ ಮುಖ್ಯ ಗುರಿ ಮಗು ಗಣಿತದ ರೀತಿಯಲ್ಲಿ ಯೋಚಿಸುವುದು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೇ ಇದೆ. ಮಗ್ಗಿ ಒಪ್ಪಿಸುವುದು ಅದರಲ್ಲಿ ಸಣ್ಣ ಭಾಗ. ಅವರೆಕಾಳು ಹತ್ತತ್ತು ಗುಡ್ಡೆ ಮಾಡಿ ಕನ್ನಡದಲ್ಲಿ ಎಣಿಸಿಸಿ ನೋಡಿ, ಫೀಸಿಲ್ಲ.

ವಿಜ್ಞಾನದ ಬಗ್ಗೆ ಒಂದೇ ಮಾತು. ಪುಣೆ ವಿದ್ಯಾಪೀಠದ ಆವರಣದಲ್ಲಿರುವ ಅಯುಕಾ ಅನ್ನುವ ಖಗೋಳ ವಿಜ್ಞಾನ ಸಂಸ್ಥೆಯ ಮಕ್ಕಳ ಕೇಂದ್ರದಲ್ಲಿ ಅರವಿಂದ ಗುಪ್ತಾ ಎಷ್ಟೋ ವರ್ಷ ಕಸದಿಂದ ಆಟಿಕೆ ಮಾಡಿ ತೋರಿಸಿದರು. ಬೆಂಕಿಕಡ್ಡಿಗೆ ಸೈಕಲ್ ವಾಲ್ವ್ ಟ್ಯೂಬ್ ಸಿಕ್ಕಿಸಿ ಚೌಕ ಮಾಡಿ, ಒತ್ತಿದರೆ ವಾಲುತ್ತದೆ. ತ್ರಿಕೋನ ಮಾಡಿ, ಅಲುಗುವುದಿಲ್ಲ. ಆಮೇಲೆ ಮಗುವನ್ನು ಕರೆದುಕೊಂಡು ರೈಲ್ವೆ ಸೇತುವೆ ನೋಡಿ ಬನ್ನಿ. ಚಿತ್ರಕಲೆ, ಪಿಟಿ ಬಗ್ಗೆ ಬರೆದರೆ ನನಗೆ ಸಿಟ್ಟು ಬರುತ್ತದೆ. ಸಿಲಬಸ್ ಮುಗಿಯಲಿಲ್ಲ ಅಂದ ಕೂಡಲೇ ಮೊದಲು ಕಿತ್ತುಕೊಳ್ಳುವುದು ಅವೇ ಪೀರಿಯಡ್‌ಗಳನ್ನು.

ಈಗ ಮರಾಠಿ. 2020ರ ಕಾಯ್ದೆ ಪ್ರಕಾರ ಇಲ್ಲಿ ಯಾವ ಬೋರ್ಡಿನ ಶಾಲೆ ಆದರೂ ಹತ್ತನೇವರೆಗೆ ಮರಾಠಿ ಕಡ್ಡಾಯ. ಅದನ್ನು ದಂಡ ಕಟ್ಟಿದ ಹಾಗೆ ನೋಡಬೇಡಿ ತಂಗಿ. ಇಂಗ್ಲಿಷ್ ನಾಳೆಯ ಕೆಲಸಕ್ಕೆ ಅಂತಲೇ ಇಟ್ಟುಕೊಳ್ಳಿ, ಮರಾಠಿ ಇವತ್ತು ಸಂಜೆಗೆ. ಸೊಸೈಟಿಯಲ್ಲಿ ಕೆಳಗೆ ಆಡುವಾಗ ಜಗಳ ಆಡಲು, ಜಗಳ ಬಿಡಿಸಲು, ಗಣಪತಿ ಹಬ್ಬದ ನಾಟಕದಲ್ಲಿ ಪಾತ್ರ ಸಿಗಲು. ಎರಡು ವರ್ಷ ಅಂತ ಬಂದವರು ಇಲ್ಲೇ ಇಪ್ಪತ್ತು ವರ್ಷ ಉಳಿದದ್ದು ಈ ಗುಂಪಿನಲ್ಲೇ ಎಷ್ಟು ಜನ ಇದ್ದೇವೆ!

ಮುಂಬೈ ಅಂಧೇರಿಯ ಕಾಕಾ ನಿನ್ನೆ ಗುಂಪಿನಲ್ಲಿ ಬರೆದದ್ದನ್ನು ಮಾತ್ರ ದಾಟಿ ಹೋಗಲು ಆಗುತ್ತಿಲ್ಲ. ಅವರು ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮಾಡಿದವರು. "ನಮಗೆ ಗುರಿ ಗಿರಿ ಏನೂ ಗೊತ್ತಿರಲಿಲ್ಲ ಮಗಳೇ, ಕೈಯಲ್ಲಿ ಬಟ್ಟೆ ಬಿಟ್ಟು ಪೆನ್ನು ಹಿಡಿಯಬೇಕಿತ್ತು, ಅದಕ್ಕೆ ಸರ್ಟಿಫಿಕೇಟು ಬೇಕಿತ್ತು." ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಕಾಕಾ. ಹೊಟ್ಟೆ ತುಂಬಿದವರ ಮಾತು ಇದು ಅಂದರೆ ಒಪ್ಪುತ್ತೇನೆ. ಆದರೆ ಈ ಗುಂಪಿನ ಹೆಚ್ಚಿನವರ ಮಕ್ಕಳು ಹೊಟ್ಟೆ ತುಂಬಿದವರೇ, ಅಲ್ವಾ?

ತಂಗಿ, ನಿಜವಾಗಿ ವರ್ಗ ಆದರೆ ಇನ್ನೊಂದು ನೆನಪಿರಲಿ. ಕರ್ನಾಟಕದಲ್ಲೂ 2015ರ ಕಾಯ್ದೆ ಇದೆ, ಅಲ್ಲಿ ಕನ್ನಡ ಓದಲೇಬೇಕು. ಆಗ ಗಾಬರಿ ಬೀಳುವ ಬದಲು ಅಕ್ಷರ ಈಗಲೇ ಶುರು ಮಾಡಿ, ಆದರೆ ದಯವಿಟ್ಟು ಅದನ್ನು ಇನ್ನೊಂದು ಸಬ್ಜೆಕ್ಟ್ ಮಾಡಬೇಡಿ. ನಾವು ಟ್ಯೂಷನ್ ಹಾಕಲಿಲ್ಲ. ಅಂಗಡಿ ಬೋರ್ಡು ಇಲ್ಲಿ ಕನ್ನಡದಲ್ಲಿ ಇರುವುದಿಲ್ಲವಾದ್ದರಿಂದ ಅವ್ವನಿಗೆ ಚೀಟಿ ಬರೆಸುತ್ತೇವೆ, ಅವಳು ಫೋನಿನಲ್ಲಿ ಓದಿ ತಪ್ಪು ಹೇಳುತ್ತಾಳೆ.

ಹೋದ ದೀಪಾವಳಿಗೆ ಸ್ವಾರಗೇಟ್ ಸ್ಟ್ಯಾಂಡಿನಲ್ಲಿ ರಾತ್ರಿ ಹತ್ತಕ್ಕೆ ಬ್ಯಾಗು ಎಳೆದುಕೊಂಡು ಓಡುತ್ತಿದ್ದೆವು. ಇವರು ಆಗಲೇ ಒಂದು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದರು. ಚಿಕ್ಕವನು ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ. ಬೋರ್ಡಿನ ಕಡೆ ಬೆರಳು ಮಾಡಿ ಒಂದೊಂದೇ ಅಕ್ಷರ ಕೂಡಿಸಿ ಕೂಗಿದ: "ಅಪ್ಪಾ, ಇದು ವಿ-ಜ-ಯ-ಪು-ರ! ನಮ್ಮದು ಕಲಬುರಗಿ!"